ಗಾಳಿ ಯಾರದು, ಹಾಡು ಯಾರದು?

ಈಗಿನ ತೆಲಂಗಾಣದ ಜಹೀರಾಬಾದಿಗೆ ಸಮೀಪದ ಮಾಚನೂರು ಅಂಥ ದೊಡ್ಡ ಊರೇನಲ್ಲ. 2008ರ ಅಕ್ಟೋಬರ್ 15ರಂದು ಆ ಊರಿಗೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಬಂದರು. ದಲಿತ ಹೆಣ್ಣುಮಕ್ಕಳೇ ಕಾರ್ಯಕ್ರಮ ಕಟ್ಟಿ, ಅವರೇ ಮಾತಾಡಿ, ಅವರೇ ಯಂತ್ರ ನಡೆಸುವ ‘ಸಂಗಂ ರೇಡಿಯೊ’ ಅಂದು ಸಾವಂತರಿಂದ ಉದ್ಘಾಟನೆಯಾಯಿತು. ಸಾವಂತರನ್ನೇ ಕರೆಸಿದ್ದಕ್ಕೆ ಕಾರಣವಿತ್ತು. ಹದಿಮೂರು ವರ್ಷ ಮೊದಲು, ಕ್ರಿಕೆಟ್ ನೇರಪ್ರಸಾರದ ವ್ಯಾಜ್ಯವೊಂದರಲ್ಲಿ ಅವರು ಬರೆದ ತೀರ್ಪೇ ಇಂಥ ಕೇಂದ್ರಗಳಿಗೆ ಬಾಗಿಲು ತೆರೆದಿತ್ತು.

ಮನರಂಜನಾ ಕಾನೂನು ಎಂದೊಡನೆ ನಮಗೆ ನೆನಪಾಗುವುದು ಮುಂಬೈ, ಹೈದರಾಬಾದ್, ಬೆಂಗಳೂರಿನ ಗಾಂಧಿನಗರ. ತಾರೆಯರ ಜಗಳ, ಕೋಟಿಗಳ ಕರಾರು. ಆದರೆ ಈ ಕಾನೂನಿನ ಒಳಗಿರುವ ಪ್ರಶ್ನೆ ಬಹಳ ಸರಳವಾದದ್ದು. ಹಾಡಿದವರು, ಬರೆದವರು, ಕುಣಿದವರು, ಕೇಳುವವರು, ಇವರಲ್ಲಿ ಯಾರಿಗೆ ಎಷ್ಟು ಹಕ್ಕು? ಆ ಪ್ರಶ್ನೆಗೆ ಉತ್ತರ ಹುಡುಕಿದ ದಾರಿಯಲ್ಲಿ ಜಹೀರಾಬಾದ್ ಒಂದು ಮುಖ್ಯ ನಿಲ್ದಾಣ. ಹಾಗಾಗಿ ಈ ಭಾಗದ ಮಕ್ಕಳು ಈ ವೃತ್ತಿಯನ್ನು ದೂರದ ಊರಿನವರದೆಂದು ಭಾವಿಸಬೇಕಾಗಿಲ್ಲ.

ಗಡಿಯ ಮೂರು ಊರು

1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಭಾಗ ಮಾತ್ರ ಕರ್ನಾಟಕದ ಕಡೆ ಉಳಿಯಿತು. ಇಂದು ಮೊದಲೆರಡು ಊರುಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಗಡಿಗೆರೆ ಬದಲಾದರೂ ನೆಂಟಸ್ತಿಕೆ ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು ಆಡಿಕೊಂಡು ಬೆಳೆದ ಮಕ್ಕಳು ಇಲ್ಲಿ ಇಂದಿಗೂ ಇದ್ದಾರೆ. ಝರಾಸಂಗದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಬೀದರ್, ಕಲಬುರಗಿ ಕಡೆಯ ಭಕ್ತರು ಈಗಲೂ ಬರುತ್ತಾರೆ.

ಕ್ರಿಕೆಟ್ ಮೈದಾನದಿಂದ ಹೊರಟ ತೀರ್ಪು

1885ರ ಟೆಲಿಗ್ರಾಫ್ ಕಾಯ್ದೆ ಬ್ರಿಟಿಷರು ಮಾಡಿದ್ದು. ತಂತಿ ಕಳಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇರಬೇಕೆಂಬುದು ಅದರ ಸಾರ. ರೇಡಿಯೊ ಬಂತು, ಟಿ.ವಿ. ಬಂತು, ಅವೂ ಅದೇ ಕಾಯ್ದೆಯ ಹಿಡಿತಕ್ಕೆ ಬಂದವು. ಸ್ವಾತಂತ್ರ್ಯ ಬಂದ ಮೇಲೂ ಆಕಾಶವಾಣಿ ಮತ್ತು ದೂರದರ್ಶನಗಳನ್ನು ಬಿಟ್ಟರೆ ಬೇರೆಯವರು ಗಾಳಿಗೆ ದನಿ ಬಿಡುವಂತಿರಲಿಲ್ಲ.

1993ರ ನವೆಂಬರಿನಲ್ಲಿ ಹೀರೊ ಕಪ್ ಕ್ರಿಕೆಟ್ ನಡೆಯಿತು. ಬಂಗಾಳ ಕ್ರಿಕೆಟ್ ಸಂಸ್ಥೆ ಅದರ ಪ್ರಸಾರದ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶಿ ಕಂಪನಿಗೆ ಕೊಟ್ಟಿತು. ಆ ಕಂಪನಿಯ ಉಪಕರಣಗಳನ್ನು ಮುಂಬೈಯಲ್ಲಿ ಸುಂಕದ ಅಧಿಕಾರಿಗಳು ತಡೆದರು. ಜಗಳ ಕಲ್ಕತ್ತಾ ಹೈಕೋರ್ಟಿಗೆ ಹೋಗಿ, ಅಲ್ಲಿಂದ ಸುಪ್ರೀಂ ಕೋರ್ಟ್ ಮುಟ್ಟಿತು. 1995ರ ಫೆಬ್ರುವರಿ 9ರಂದು ನ್ಯಾಯಮೂರ್ತಿಗಳಾದ ಸಾವಂತ್, ಎಸ್. ಮೋಹನ್ ಮತ್ತು ಬಿ.ಪಿ. ಜೀವನ್ ರೆಡ್ಡಿ ತೀರ್ಪು ಕೊಟ್ಟರು. ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ, ಅವು ಸರ್ಕಾರದ ಸ್ವಂತ ಸೊತ್ತೂ ಅಲ್ಲ, ಹಣವಂತರ ಸೊತ್ತೂ ಆಗಬಾರದು ಎಂಬುದು ಅದರ ತಿರುಳು. ವ್ಯಾಜ್ಯ ಹೂಡಿದವರಿಗೆ ಬೇಕಿದ್ದದ್ದು ಒಂದು ಪಂದ್ಯಾವಳಿಯ ಪ್ರಸಾರವಷ್ಟೇ. ಸಿಕ್ಕಿದ್ದು ದೇಶದ ಕೇಳುಗರೆಲ್ಲರ ಹಕ್ಕು.

ಪಸ್ತಾಪುರದ ಹಠ

ತೀರ್ಪು ಬಂದ ಮಾತ್ರಕ್ಕೆ ರೇಡಿಯೊ ಹಳ್ಳಿಗೆ ಬರಲಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಸೇರಿದ ಪ್ರಸಾರಕರು, ಪತ್ರಕರ್ತರು, ಕಾರ್ಯಕರ್ತರು ಸಮುದಾಯ ಬಾನುಲಿಗಾಗಿ ‘ಬೆಂಗಳೂರು ಘೋಷಣೆ’ ಹೊರಡಿಸಿದರು. 2000ದ ಜುಲೈನಲ್ಲಿ ಹೈದರಾಬಾದಿನಲ್ಲೂ ಜಹೀರಾಬಾದ್ ಪಕ್ಕದ ಪಸ್ತಾಪುರದಲ್ಲೂ ಯುನೆಸ್ಕೊ ನೆರವಿನ ಕಾರ್ಯಾಗಾರ ನಡೆದು, ‘ಪಸ್ತಾಪುರ ಇನಿಶಿಯೇಟಿವ್’ ಎಂಬ ಹೆಸರಿನ ಹಕ್ಕೊತ್ತಾಯ ಹೊರಬಿತ್ತು. ದೇಶದ ಸಮುದಾಯ ಬಾನುಲಿಯ ಚರಿತ್ರೆ ಬರೆದವರೆಲ್ಲ ಈ ಹಳ್ಳಿಯ ಹೆಸರನ್ನು ಹೇಳಿಯೇ ಮುಂದೆ ಹೋಗುತ್ತಾರೆ.

ಪಸ್ತಾಪುರವೇ ಏಕೆ ಎಂದರೆ, ಅದು 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ನೆಲೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಪಿ.ವಿ. ಸತೀಶ್, ಅಂದರೆ ಪಿರಿಯಾಪಟ್ಟಣ ವೆಂಕಟಸುಬ್ಬಯ್ಯ ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗರು. ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದರು, 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಮುಟ್ಟಿಸಿದ ‘ಸೈಟ್’ ಪ್ರಯೋಗದಲ್ಲಿ ದುಡಿದವರು. ಆ ಪ್ರಯೋಗದ ಸಾಲಿನಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳೂ ಇದ್ದವು. ಸರ್ಕಾರಿ ಕ್ಯಾಮೆರಾ ಹಳ್ಳಿಯನ್ನು ತೋರಿಸುವುದನ್ನು ಒಳಗಿನಿಂದ ಕಂಡ ಸತೀಶ್, ಆ ಕ್ಯಾಮೆರಾ, ಆ ಮೈಕು ಹಳ್ಳಿಯವರ ಕೈಗೇ ಹೋಗಬೇಕೆಂದು ಪಟ್ಟು ಹಿಡಿದರು. ನವಣೆ, ಸಜ್ಜೆ, ಜೋಳದ ಬೀಜ ಕಾಯ್ದುಕೊಂಡ, ಸೊಸೈಟಿಯ ಸಂಘದ ಹೆಣ್ಣುಮಕ್ಕಳೇ ವಿಡಿಯೊ ತೆಗೆಯಲು ಕಲಿತರು, ದನಿ ಮುದ್ರಿಸಲು ಕಲಿತರು. ‘ಜನರಲ್’ ನರಸಮ್ಮ ಮತ್ತು ಆಲ್ಗೋಲ್ ನರಸಮ್ಮ ಬಾನುಲಿ ಕೇಂದ್ರದ ಹೊಣೆ ಹೊತ್ತರು.

ಮಾಚನೂರಿನಲ್ಲಿ ಸ್ಟುಡಿಯೊ ಸಿದ್ಧವಾದರೂ ಪ್ರಸಾರಕ್ಕೆ ಪರವಾನಗಿ ಇರಲಿಲ್ಲ. ಅಷ್ಟರಲ್ಲಿ ಖಾಸಗಿ ಎಫ್‌ಎಂ ಬಂದು, 2001ರ ಜುಲೈನಲ್ಲಿ ಬೆಂಗಳೂರಿನಿಂದ ರೇಡಿಯೊ ಸಿಟಿ ಹಾಡತೊಡಗಿತು. ಮಾಚನೂರಿನವರು ಮಾತ್ರ ತಮ್ಮ ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿಗೆ ಹಾಕಿ, ಸಂಘದ ಸಭೆಗಳಿಗೆ ಹೊತ್ತು ಒಯ್ದು ಕೇಳಿಸಬೇಕಾಯಿತು. ಕೊನೆಗೆ 2006ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನೀತಿ ಬದಲಿಸಿ, ಸರ್ಕಾರೇತರ ಸಂಸ್ಥೆಗಳಿಗೂ ಸಮುದಾಯ ಬಾನುಲಿಗೆ ಅವಕಾಶ ಕೊಟ್ಟಿತು. ಎರಡು ವರ್ಷದ ಮೇಲೆ 90.4 ಮೆಗಾಹರ್ಟ್ಸ್‌ನಲ್ಲಿ ಸಂಗಂ ರೇಡಿಯೊದ ದನಿ ಕೇಳಿತು. ಸರ್ಕಾರೇತರ ಸಂಸ್ಥೆಯೊಂದು ನಡೆಸುವ ದೇಶದ ಮೊದಲ ಸಮುದಾಯ ಬಾನುಲಿ ಅದು. ಸತೀಶ್ 2023ರ ಮಾರ್ಚ್ 19ರಂದು ತೀರಿಕೊಂಡರು. ಅದೇ ವರ್ಷ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆಗೆ ಒಪ್ಪಿಗೆ ಕೊಟ್ಟು, ಬ್ರಿಟಿಷರ ಕಾಲದ ಟೆಲಿಗ್ರಾಫ್ ಕಾಯ್ದೆಗೆ ವಿದಾಯ ಹೇಳಿತು.

ಹಾಡಿನ ಹಕ್ಕು ಬಂದ ಬಗೆ

ಗಾಳಿಯ ಪ್ರಶ್ನೆ ಬಗೆಹರಿದರೆ ಮುಂದಿನದು ಹಾಡಿನ ಪ್ರಶ್ನೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಜಾರಿಗೆ ಬಂದದ್ದು 1958ರ ಜನವರಿ 21ರಂದು. ಸಿನಿಮಾ ಹಾಡು ಬರೆದವರು ಮತ್ತು ರಾಗ ಹಾಕಿದವರು ತಮ್ಮ ಪಾಲಿಗಾಗಿ 1969ರಲ್ಲಿ ಐಪಿಆರ್‌ಎಸ್ ಸಂಸ್ಥೆ ಕಟ್ಟಿದರು. ಚಿತ್ರಮಂದಿರದಲ್ಲಿ ಹಾಡು ಕೇಳಿಸಿದಾಗಲೂ ಗೌರವಧನ ಬೇಕೆಂದರು. ನಿರ್ಮಾಪಕರು ಒಪ್ಪಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್ ನಿರ್ಮಾಪಕರ ಪರ ನಿಂತಿತು. ಹಣ ಕೊಟ್ಟು ಬರೆಸಿಕೊಂಡವನೇ ಮೊದಲ ಒಡೆಯ, ಬೇರೆ ಕರಾರು ಇಲ್ಲದಿದ್ದರೆ ಕವಿಗೆ ಪಾಲಿಲ್ಲ ಎಂದಾಯಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮಾತ್ರ, ಹಾಡುಗಾರನನ್ನೇ ಕಾಣದ ಈ ಕಾನೂನನ್ನು ಸಂಸತ್ತು ತಿದ್ದಬೇಕೆಂಬ ಆಶಯವನ್ನು ಬೇರೆಯಾಗಿ ಬರೆದಿಟ್ಟರು.

ತಿದ್ದಲು ಬಹಳ ಕಾಲ ಹಿಡಿಯಿತು. 1994ರ ತಿದ್ದುಪಡಿಯಲ್ಲಿ ಹಾಡುವವರಿಗೆ, ನಟಿಸುವವರಿಗೆ ‘ಪ್ರದರ್ಶಕರ ಹಕ್ಕು’ ಬಂತು. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ರಾಜ್ಯಸಭೆಯ ಒಳಗೆ ಕವಿ ಜಾವೇದ್ ಅಖ್ತರ್ ಅದಕ್ಕಾಗಿ ಗಟ್ಟಿಯಾಗಿ ಮಾತಾಡಿದ್ದರು. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆಲ್ಲೇ ಹಾಡು ಬಳಕೆಯಾದರೂ ಕವಿಗೂ ಸಂಗೀತ ನಿರ್ದೇಶಕನಿಗೂ ಗೌರವಧನದಲ್ಲಿ ಸಮಪಾಲು. ಆ ಪಾಲನ್ನು ಕಂಪನಿಗೆ ಬರೆದುಕೊಡಲು ಸಾಧ್ಯವಿಲ್ಲ ಎಂದು ಕಾಯ್ದೆಯೇ ಈಗ ಹೇಳುತ್ತದೆ.

ನ್ಯಾಲಕಲ್ ಕಡೆಯ ಅಜ್ಜಿಯೊಬ್ಬರು ಬೀಸುವ ಪದ ಹೇಳುತ್ತಾರೆನ್ನಿ, ಮೊಮ್ಮಗ ಅದನ್ನು ಫೋನಿನಲ್ಲಿ ಮುದ್ರಿಸಿಕೊಳ್ಳುತ್ತಾನೆ. ಕಂಪನಿಯೊಂದು ಕೇಳಿ, ಮೆಚ್ಚಿ, ಸಿನಿಮಾಕ್ಕೆ ಹಾಕುತ್ತೇವೆ ಎನ್ನುತ್ತದೆ. ತಲೆಮಾರುಗಳಿಂದ ಬಂದ ಆ ಪದಕ್ಕೆ ಕರ್ತೃ ಇಲ್ಲ, ಅದು ಎಲ್ಲರದು. ಆದರೆ ಅಜ್ಜಿ ಹಾಡಿದ ದನಿಯ ಮೇಲೆ ಅಜ್ಜಿಗೆ ಐವತ್ತು ವರ್ಷದ ಹಕ್ಕಿದೆ. ಆ ದನಿಯ ಜೊತೆ ಆಕೆಯ ಹೆಸರು ಹೇಳಬೇಕೆಂದು ಕೇಳುವ ಹಕ್ಕೂ ಇದೆ. ಮುದ್ರಣ ಮಾಡಿದವರಿಗೆ ಆ ಮುದ್ರಿಕೆಯ ಮೇಲೆ ಪ್ರತ್ಯೇಕ ಹಕ್ಕು. ಅಜ್ಜಿ ಹೆಬ್ಬೆಟ್ಟು ಒತ್ತುವ ಮೊದಲು ಈ ಮೂರನ್ನೂ ಬಿಡಿಸಿ ಹೇಳುವವರು ಊರಲ್ಲಿ ಒಬ್ಬರಾದರೂ ಇರಬೇಕು.

ಕಾರಂತರ ಯಕ್ಷಗಾನ ಕೋರ್ಟಿಗೆ ಹೋದಾಗ

ಕನ್ನಡದ ಮಟ್ಟಿಗೆ ಈ ಕಾನೂನಿನ ದೊಡ್ಡ ಪಾಠ ಉಡುಪಿಯಿಂದ ಬಂತು. ಡಾ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಬ್ಯಾಲೆಯಾಗಿ ಕಟ್ಟಿದರು. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಹಕ್ಕುಗಳನ್ನು ಉಯಿಲಿನ ಮೂಲಕ ಮಾಲಿನಿ ಮಲ್ಯ ಅವರಿಗೆ ಬಿಟ್ಟಿದ್ದರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ಆ ಬ್ಯಾಲೆಯ ಪ್ರದರ್ಶನ ಕೊಟ್ಟಾಗ ಮಾಲಿನಿ ಮಲ್ಯ ಕೋರ್ಟಿಗೆ ಹೋದರು. ಉಡುಪಿಯ ಜಿಲ್ಲಾ ನ್ಯಾಯಾಲಯ, ಹೈಕೋರ್ಟ್ ದಾಟಿ 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಬ್ಯಾಲೆ ‘ನಾಟಕ ಕೃತಿ’, ಅದು ಸಾಹಿತ್ಯ ಕೃತಿಯಿಂದ ಬೇರೆ ಎಂದು ಕೋರ್ಟ್ ವಿಂಗಡಿಸಿತು. ಆದರೂ ಉಯಿಲಿನ ಮಿಕ್ಕ ಆಸ್ತಿಯ ಕಲಮಿನಡಿ ಹಕ್ಕು ಮಾಲಿನಿ ಮಲ್ಯ ಅವರಿಗೇ ಸೇರುತ್ತದೆಂದಿತು. ಶಿಕ್ಷಣ ಸಂಸ್ಥೆಯೊಳಗಿನ ಪಾಠ, ದುಡ್ಡು ಪಡೆಯದ ಪ್ರದರ್ಶನದಂಥ ವಿನಾಯಿತಿಗಳು ಅಕಾಡೆಮಿಗೂ ಇವೆ ಎಂದೂ ಸ್ಪಷ್ಟಪಡಿಸಿತು. ಉಯಿಲಿನ ಒಂದು ಸಾಲಿನ ಮೇಲೆ ಒಂದು ಕಲಾರೂಪದ ಒಡೆತನ ನಿಂತಿತ್ತು.

ವಕೀಲರ ಮೇಜಿನ ಮೇಲೆ

ಮನರಂಜನಾ ವಕೀಲರ ದಿನದ ಕೆಲಸ ಹೆಚ್ಚಾಗಿ ಕೋರ್ಟಿನ ಹೊರಗೇ ನಡೆಯುತ್ತದೆ. ಕಥೆಯ ಹಕ್ಕು ಯಾರ ಹತ್ತಿರ ಇದೆ, ರೀಮೇಕ್ ಯಾವ ಭಾಷೆಗೆ, ಡಬ್ಬಿಂಗ್ ಯಾರಿಗೆ, ಒಟಿಟಿ ಎಷ್ಟು ವರ್ಷಕ್ಕೆ, ಆಡಿಯೊ ಹಕ್ಕು ಯಾವ ಕಂಪನಿಗೆ ಎಂದು ಕಾಗದ ನೋಡಿ ಹೇಳುವುದು ಅವರ ಹೊಣೆ. ಕಾಯ್ದೆಯ 19ನೇ ಕಲಮನ್ನು ಓದಿದರೆ ಇದರ ತೂಕ ತಿಳಿಯುತ್ತದೆ. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ ಇರಲೇಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಬರೆಸಿಕೊಂಡವರು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತಾಗದಿದ್ದಲ್ಲಿ, ಹಕ್ಕು ಬಿದ್ದುಹೋಗುತ್ತದೆ.

ಹಿಂದೆ ಇಲ್ಲದ ಕೆಲಸಗಳೂ ಈಗ ಬಂದಿವೆ. ಕನ್ನಡಕ್ಕೆ ಡಬ್ಬಿಂಗ್ ತಡೆದ ವಿಷಯದಲ್ಲಿ ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಚಿತ್ರರಂಗದ ಸಂಸ್ಥೆಗಳ ವಿರುದ್ಧ ಆದೇಶ ಕೊಟ್ಟಿತು. 2022ರಲ್ಲಿ ‘ಕಾಂತಾರ’ದ ವರಾಹರೂಪಂ ಹಾಡಿನ ರಾಗದ ಬಗ್ಗೆ ಕೇರಳದ ಕೋರ್ಟುಗಳಲ್ಲಿ ವ್ಯಾಜ್ಯ ನಡೆಯಿತು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಚಿತ್ರಚೌರ್ಯಕ್ಕೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇಟ್ಟಿದೆ. ತೆಲುಗಿನ ಕರಾರನ್ನು ಕನ್ನಡದ ನಿರ್ಮಾಪಕರಿಗೆ, ಕನ್ನಡದ ಕರಾರನ್ನು ಹೈದರಾಬಾದಿನ ವಿತರಕರಿಗೆ ಒಂದಕ್ಷರ ತಪ್ಪದಂತೆ ತಿಳಿಸಿಹೇಳುವ ವಕೀಲರು ಎರಡೂ ಕಡೆಗೆ ಬೇಕು. ಗಡಿಯ ಮಗುವಿಗೆ ಮೂರು ಭಾಷೆ ಹುಟ್ಟಿನಿಂದಲೇ ಬಂದ ಬಂಡವಾಳ.

ಓದುವ ದಾರಿ

ಇಂಟರ್ ಮುಗಿಸಿದವರಿಗೆ ಐದು ವರ್ಷದ ಕೋರ್ಸು, ಪದವಿ ಆದವರಿಗೆ ಮೂರು ವರ್ಷದ ಎಲ್‌ಎಲ್‌ಬಿ. ತೆಲಂಗಾಣದ ಕಾಲೇಜುಗಳಿಗೆ ಟಿಜಿ ಲಾಸೆಟ್ ಬರೆಯಬೇಕು. ಹೈದರಾಬಾದಿನ ನಲ್ಸಾರ್, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಸೇರಲು ಐದು ವರ್ಷದ ಕೋರ್ಸಿಗೆ ಕ್ಲಾಟ್ ಬರೆಯಬೇಕು. ತಾಂಡೂರಿನವರಿಗೆ ಕಲಬುರಗಿ ರೈಲಿನ ದಾರಿಯಲ್ಲೇ ಇದೆ. ಅಲ್ಲಿ ಕಾನೂನು ಕಾಲೇಜೂ ಇದೆ, 2013ರಿಂದ ಹೈಕೋರ್ಟಿನ ಕಾಯಂ ಪೀಠವೂ ಇದೆ. ಪದವಿ ಆದ ಮೇಲೆ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ನೋಂದಣಿಗೆ ಕಾಯ್ದೆ ಹೇಳಿದ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಿ ವಸೂಲಿ ಮಾಡುವಂತಿಲ್ಲವೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬಡ ಮನೆಯ ಮಕ್ಕಳಿಗೆ ದೊಡ್ಡ ಆಸರೆ. ನಲ್ಸಾರಿನ ದೂರಶಿಕ್ಷಣದಲ್ಲಿ ಮಾಧ್ಯಮ ಕಾನೂನಿನ ಡಿಪ್ಲೊಮಾ ಇದೆ. ಮೊದಲ ಕೆಲವು ವರ್ಷ ಹಿರಿಯ ವಕೀಲರ ಕಚೇರಿಯಲ್ಲಿ ಕೂತು ಕರಾರು ಬರೆಯುವುದನ್ನು ಕಲಿಯದೆ ಬೇರೆ ಹಾದಿಯಿಲ್ಲ. ಆಗ ಆದಾಯ ಕಡಿಮೆ ಎಂಬುದನ್ನು ಮನೆಯವರೂ ತಿಳಿದಿರಬೇಕು.

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಶಿಕ್ಷಕರಲ್ಲಿ ಒಂದು ವಿನಂತಿ. ಚೆನ್ನಾಗಿ ಮಾತಾಡುವ, ಹಾಡು ನಾಟಕವೆಂದರೆ ಜೀವ ಬಿಡುವ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿದ್ದರೆ, ಎಂಜಿನಿಯರಿಂಗ್, ಡಿ.ಇಡಿ. ಜೊತೆಗೆ ಈ ದಾರಿಯನ್ನೂ ತೋರಿಸಿ. ಕರಾರು ಓದಲು ಬಾರದೆ ತಮ್ಮ ಹಾಡು, ಕಥೆ, ವೇಷಗಳನ್ನು ಕಳೆದುಕೊಳ್ಳುತ್ತಿರುವ ಕಲಾವಿದರು ಗಡಿಯ ಎರಡೂ ಕಡೆ ಇದ್ದಾರೆ. ಅವರ ಭಾಷೆ ಬಲ್ಲ ವಕೀಲರು ಅವರ ನಡುವಿನಿಂದಲೇ ಬರಬೇಕು.