ಚಳಿಗಾಲದಲ್ಲಿ ನಾಯಿಯ ಅಂಗಾಲು: ನೆಕ್ಕಿದರೂ ಕೆಡುಕಾಗದ ಮುಲಾಮು

ನಾಯಿಯ ಅಂಗಾಲಿಗೆ ಹಚ್ಚುವ ಮುಲಾಮು ಹೆಸರಾದದ್ದು ಹಿಮ ಬೀಳುವ ನಾಡುಗಳಲ್ಲಿ. ಅಲ್ಲಿ ಬೆರಳಸಂದಿಗೆ ಮಂಜುಗಡ್ಡೆ ಕಟ್ಟುತ್ತದೆ, ಹಿಮ ಕರಗಿಸಲು ರಸ್ತೆಗೆ ಎರಚಿದ ಉಪ್ಪು ಪಾದವನ್ನು ಸುಡುತ್ತದೆ. ಚಿಂತಾಮಣಿಯಲ್ಲಿ ಇವೆರಡೂ ಇಲ್ಲ. ಇಲ್ಲಿ ನಾಯಿಯ ಪಾದವನ್ನು ಕಾಡುವುದು ಚಳಿಗಿಂತ ಹೆಚ್ಚಾಗಿ ಒಣಹವೆ. ಚಳಿಯನ್ನು ಆ ಪಾದ ಚೆನ್ನಾಗಿಯೇ ತಾಳುತ್ತದೆ: ಬಿಸಿರಕ್ತ ತರುವ ನಾಳಗಳೂ ತಣ್ಣಗಾದ ರಕ್ತ ಒಯ್ಯುವ ನಾಳಗಳೂ ಒತ್ತೊತ್ತಾಗಿದ್ದು, ಶಾಖ ಹೊರಹೋಗದೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಒಣಹವೆಗೆ ಅಂಥ ತಡೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಈ ಬಯಲುಸೀಮೆಯಲ್ಲಿ ಹಿಂಗಾರು ಮುಗಿದು ಡಿಸೆಂಬರ್ ಕಳೆಯುತ್ತಿದ್ದಂತೆ ಗಾಳಿಯ ತೇವ ಇಳಿಯುತ್ತದೆ. ಮನುಷ್ಯರ ಹಿಮ್ಮಡಿ ಬಿರಿಯುವ ಆ ದಿನಗಳಲ್ಲೇ ನಾಯಿಯ ಅಂಗಾಲಿನ ದಪ್ಪ ಚರ್ಮವೂ ಬಿಳಚಿ, ಅಂಚಿನಲ್ಲಿ ಸಣ್ಣಗೆ ಸೀಳು ಬಿಡುತ್ತದೆ.

ಬೀದಿನಾಯಿಗೆ ಯಾರು ಮುಲಾಮು ಹಚ್ಚುತ್ತಾರೆ, ಅದು ಚೆನ್ನಾಗಿಯೇ ಇದೆಯಲ್ಲ ಎಂದು ಕೇಳಬಹುದು. ಮಣ್ಣಿನಲ್ಲಿ ಓಡಾಡುವ ನಾಯಿಗೆ ನಿಜಕ್ಕೂ ಇದು ಬೇಕಾಗುವುದು ಅಪರೂಪ. ಅದರ ಅಂಗಾಲು ಸವೆಯುತ್ತ, ಬೆಳೆಯುತ್ತ ಗಟ್ಟಿಯಾಗಿರುತ್ತದೆ. ಸಿಮೆಂಟ್ ಅಂಗಳ, ಟೈಲ್ಸ್ ನೆಲದ ಮೇಲೆಯೇ ದಿನ ಕಳೆಯುವ, ಹೊರಗೆ ಹೋಗಿಬಂದಾಗಲೆಲ್ಲ ಸೋಪು ಹಾಕಿ ಕಾಲು ತೊಳೆಸಿಕೊಳ್ಳುವ ಮನೆನಾಯಿಯ ವಿಷಯ ಬೇರೆ. ಸೋಪು ಚರ್ಮದ ಸಹಜ ಜಿಡ್ಡನ್ನು ತೆಗೆದುಬಿಡುತ್ತದೆ. ಹೀಗೆ ಹೋದ ಜಿಡ್ಡಿನ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುವುದಷ್ಟೇ ಮುಲಾಮಿನ ಪಾತ್ರ. ಅದು ತೇವವನ್ನು ಹಿಡಿದಿಡುವ ತೆಳು ಪದರ, ಔಷಧಿಯಲ್ಲ.

ನಾಯಿ ತನ್ನ ಪಾದವನ್ನು ನೆಕ್ಕಿಯೇ ನೆಕ್ಕುತ್ತದೆ. ಕಾಲಿಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ನಮ್ಮ ಕಾಲೊಡಕಿಗೆ ಕರ್ಪೂರ ಬೆರೆಸಿ ಕಾಯಿಸುವ ಎಣ್ಣೆ ನಾಯಿಗೆ ಸಲ್ಲದು: ಕರ್ಪೂರ ಹೊಟ್ಟೆ ಸೇರಿದರೆ ನಾಯಿಗೆ ಫಿಟ್ಸ್ ಬರಬಹುದು. ಈ ಸೀಮೆಯ ತೋಪುಗಳಲ್ಲಿ ಬೇಕಾದಷ್ಟು ನೀಲಗಿರಿ ಇದ್ದರೂ ಅದರ ಎಣ್ಣೆಯೂ ವಿಷವೇ. ಹೊಂಗೆ, ಬೇವಿನ ಎಣ್ಣೆ ದೀಪಕ್ಕೆ, ಹೊಲಕ್ಕೆ ಸರಿ, ಹೊಟ್ಟೆಗಲ್ಲ. ಸತುವಿನ ಆಕ್ಸೈಡ್ ಇರುವ ಕ್ರೀಮು ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಇವನ್ನೆಲ್ಲ ಬಿಟ್ಟರೆ ಉಳಿಯುವುದು ಕೊಬ್ಬರಿ ಎಣ್ಣೆ ಮತ್ತು ಜೇನುಮೇಣ, ಸಾಕು. ಬರೀ ಎಣ್ಣೆ ಏಕಾಗದು? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ಬೆಳಗಿನ ಚಳಿಯಲ್ಲಿ ಗಟ್ಟಿಯಾಗಿದ್ದದ್ದು ಮಧ್ಯಾಹ್ನಕ್ಕೆ ನೆಲದ ಪಾಲು. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಬೇಕು; ಎಣ್ಣೆಯನ್ನು ಪಾದದ ಮೇಲೆ ನಿಲ್ಲಿಸುವುದೇ ಅದು. 80 ಗ್ರಾಂ ಎಣ್ಣೆಗೆ 20 ಗ್ರಾಂ ಮೇಣ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ. ನೇರ ಉರಿಗೆ ಇಡಬೇಡಿ. ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ನೋಡಿ: ಬೆರಳಿಗೆ ಕಲ್ಲಿನಂತೆ ತಾಕಿದರೆ ಎಣ್ಣೆ, ಹರಿದರೆ ಮೇಣ ಸೇರಿಸಿ. ನೀರು ತಾಕದಂತೆ ಡಬ್ಬಿಗೆ ತುಂಬಿಡಿ. ನೀರಿನಂಶವಿದ್ದರೆ ಬೂಸಲು ಬರುತ್ತದೆ. ಕಾಲು ಒರೆಸಿ, ಕಡಲೆಕಾಳಿನಷ್ಟು ಹಚ್ಚಿ, ಊಟ ಹಾಕಿದರೆ ಅದು ಉಣ್ಣುವ ಹೊತ್ತಿಗೆ ಮುಲಾಮು ಹಿಡಿದುಕೊಳ್ಳುತ್ತದೆ.

ಹಚ್ಚಿದರೆ ಅಂಗಾಲು ಮೆತ್ತಗಾಗಿ ಕಲ್ಲುಮುಳ್ಳಿಗೆ ಹರಿಯುವುದಿಲ್ಲವೇ ಎಂಬ ಆಕ್ಷೇಪಣೆ ಸುಳ್ಳಲ್ಲ. ದಿನಕ್ಕೆ ಮೂರು ಬಾರಿ ಬಳಿದರೆ ಹಾಗಾಗಬಹುದು. ಒಣಗಿ ಕಂಡಾಗ ರಾತ್ರಿ ಒಮ್ಮೆ ಸಾಕು. ಬೇಸಿಗೆಯ ಕಾದ ಡಾಂಬರಿನಿಂದ ಈ ಪದರ ಕಾಪಾಡುವುದಿಲ್ಲ. ಆಗ ಹೊತ್ತು ನೋಡಿ ನಡೆಸುವುದೊಂದೇ ದಾರಿ. ಇನ್ನೂ ಮುಖ್ಯವಾದದ್ದು: ಅಂಗಾಲು ಗಟ್ಟಿಯಾಗಿ ಬಿರಿಯುವುದು ಡಿಸ್ಟೆಂಪರ್ ರೋಗದ ಲಕ್ಷಣವೂ ಆಗಿರಬಹುದು. ಕಣ್ಣು, ಮೂಗಿನಲ್ಲಿ ಕೀವು ಸುರಿದರೆ, ಮೈ ನಡುಗಿದರೆ, ಸೀಳಿನಿಂದ ರಕ್ತ ಬಂದು ಕುಂಟಿದರೆ ಮುಲಾಮಿನ ಮೇಲೆ ಭಾರ ಹಾಕಿ ಕೂರಬೇಡಿ, ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಡಿಸ್ಟೆಂಪರ್‌ಗೆ ಲಸಿಕೆ ಇದೆ; ಮರಿಯಿದ್ದಾಗಲೇ ಹಾಕಿಸಿ.