ಕಿಲೋ ದರವಲ್ಲ, ತಟ್ಟೆಯ ವೆಚ್ಚ: ಬೆಲೆಯೇರಿಕೆಯ ಕಾಲದಲ್ಲಿ ಮಾಂಸಾಹಾರಿ ಹೋಟೆಲುಗಳ ಲೆಕ್ಕಾಚಾರ

ದಿನಸಿ, ಅಡುಗೆ ಎಣ್ಣೆ, ಅನಿಲ, ಕೂಲಿ ಎಲ್ಲದರ ದರವೂ ಏರುತ್ತಿರುವ ದಿನಗಳಲ್ಲಿ ಹೆಚ್ಚು ಇಕ್ಕಟ್ಟಿಗೆ ಸಿಲುಕಿರುವವರು ಸಣ್ಣ ಮಾಂಸಾಹಾರಿ ಹೋಟೆಲುಗಳ ಮಾಲೀಕರು. ಹಳೆಯ ಮೈಸೂರು ಭಾಗದ ಮಿಲಿಟರಿ ಹೋಟೆಲುಗಳಿರಲಿ, ಹುಬ್ಬಳ್ಳಿ ಕಡೆಯ ಸಾವಜಿ ಖಾನಾವಳಿಗಳಿರಲಿ, ಕರಾವಳಿಯ ಮೀನೂಟದ ಹೋಟೆಲುಗಳಿರಲಿ, ಇವುಗಳ ಗಿರಾಕಿಗಳಲ್ಲಿ ದುಡಿಯುವ ವರ್ಗದವರೇ ಹೆಚ್ಚು. ಊಟದ ದರವನ್ನು ಹತ್ತು ರೂಪಾಯಿ ಏರಿಸಿದರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಏರಿಸದಿದ್ದರೆ ಬಂಡವಾಳವೇ ಕರಗುತ್ತದೆ. ಈ ಎರಡರ ನಡುವೆ ಉಳಿಯುವ ದಾರಿಯೆಂದರೆ ಮಾಂಸವನ್ನು ಅಗ್ಗವಾಗಿ ಕೊಳ್ಳುವುದು ಮತ್ತು ಕೊಂಡದ್ದನ್ನು ಪೋಲಾಗದಂತೆ ಬೇಯಿಸುವುದು.

‘ಅಗ್ಗ’ ಎಂಬ ಮಾತಿನ ಅರ್ಥವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಅಂಗಡಿಯ ಹಲಗೆಯ ಮೇಲೆ ಬರೆದ ಕಿಲೋ ದರ ಖರೀದಿಯ ದರ ಮಾತ್ರ. ಮೂಳೆ, ಕೊಬ್ಬು ಮತ್ತು ಬೇಯುವಾಗ ಇಳಿಯುವ ತೂಕವನ್ನು ಕಳೆದು, ಅನಿಲ ಮತ್ತು ಮಸಾಲೆಯ ಖರ್ಚನ್ನು ಕೂಡಿಸಿದ ಮೇಲೆ ಗಿರಾಕಿಯ ತಟ್ಟೆಗೆ ಬೀಳುವ ಪಾಲಿಗೆ ತಗಲುವ ವೆಚ್ಚವೇ ನಿಜವಾದ ದರ.

ಕೋಳಿಯ ದರ ಎಲ್ಲಿಂದ ಬರುತ್ತದೆ?

ಇಂದು ಜನಸಾಮಾನ್ಯರ ಕೈಗೆಟಕುವ ಮಾಂಸವೆಂದರೆ ಬ್ರಾಯ್ಲರ್ ಕೋಳಿ. ಅದರ ದರ ದಿನದಿನಕ್ಕೂ ಏರಿಳಿಯುವುದನ್ನು ಕಂಡು ಇದು ದಲ್ಲಾಳಿಗಳ ಕೈವಾಡವೆಂದು ಭಾವಿಸುವವರಿದ್ದಾರೆ. ಆದರೆ ದರದ ಮೂಲ ಇರುವುದು ಮೇವಿನಲ್ಲಿ. ಸುಮಾರು 35ರಿಂದ 42 ದಿನಗಳಲ್ಲಿ ಮಾರಾಟಕ್ಕೆ ಸಿದ್ಧವಾಗುವ ಬ್ರಾಯ್ಲರ್ ಕೋಳಿ ಒಂದು ಕಿಲೋ ತೂಕ ಗಳಿಸಲು ಒಂದೂವರೆ ಕಿಲೋಗೂ ಮೀರಿ ಮೇವು ತಿನ್ನುತ್ತದೆ. ಆ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮೆಕ್ಕೆಜೋಳ; ನಂತರದ ಸ್ಥಾನ ಸೋಯಾ ಹಿಂಡಿಯದು. ಅಂದರೆ ಒಂದು ಕಿಲೋ ಜೀವಂತ ಕೋಳಿಯ ಹಿಂದೆ ಹತ್ತಿರ ಹತ್ತಿರ ಒಂದು ಕಿಲೋ ಮೆಕ್ಕೆಜೋಳವಿದೆ. ಮೆಕ್ಕೆಜೋಳಕ್ಕೆ ಕಿಲೋಗೆ 5 ರೂಪಾಯಿ ಏರಿದರೆ ಜೀವಂತ ಕೋಳಿಯ ಉತ್ಪಾದನಾ ವೆಚ್ಚ ಸುಮಾರು ಅಷ್ಟೇ ಏರುತ್ತದೆ. ಚರ್ಮ ತೆಗೆದ ಮಾಂಸದ ಲೆಕ್ಕದಲ್ಲಿ ಅದು 7-8 ರೂಪಾಯಿಯಾಗುತ್ತದೆ.

ಇತ್ತೀಚಿನ ವರ್ಷಗಳ ಅನುಭವ ಇದನ್ನೇ ಸಾರುತ್ತದೆ. ಸೋಯಾ ಹಿಂಡಿಯ ಬೆಲೆ ಮಿತಿಮೀರಿದಾಗ ಕೇಂದ್ರ ಸರ್ಕಾರವು 2021ರ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿ ನೀಡಬೇಕಾಯಿತು. 2023ರ ಕೊನೆಯಲ್ಲಿ ಕಬ್ಬಿನ ರಸದಿಂದ ಎಥೆನಾಲ್ ತಯಾರಿಸುವುದಕ್ಕೆ ನಿರ್ಬಂಧ ಬಿದ್ದ ಮೇಲೆ ಡಿಸ್ಟಿಲರಿಗಳು ಮೆಕ್ಕೆಜೋಳದತ್ತ ತಿರುಗಿದವು. ಕೋಳಿ ಸಾಕಣೆದಾರರೂ ಡಿಸ್ಟಿಲರಿಗಳೂ ಒಂದೇ ಧಾನ್ಯಕ್ಕೆ ಪೈಪೋಟಿಗಿಳಿದರು. 2024ರ ಜೂನ್‌ನಲ್ಲಿ 5 ಲಕ್ಷ ಟನ್ ಮೆಕ್ಕೆಜೋಳವನ್ನು ರಿಯಾಯಿತಿ ಸುಂಕದಲ್ಲಿ ತರಿಸಲು ಅವಕಾಶ ಕೊಡಲಾಯಿತು. ಆದರೆ 2025ರ ಸುಗ್ಗಿಯಲ್ಲಿ ಚಿತ್ರ ತಿರುವುಮುರುವಾಯಿತು. ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ರಾಜ್ಯದ ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿದು, ಉತ್ತರ ಕರ್ನಾಟಕದ ರೈತರು ಬೀದಿಗಿಳಿದರು. ಆದ್ದರಿಂದ ಹೋಟೆಲು ಮಾಲೀಕರು ಕೋಳಿಯಂಗಡಿಯ ಹಲಗೆಯ ಜೊತೆಗೆ ದಾವಣಗೆರೆ, ಹಾವೇರಿ ಮಾರುಕಟ್ಟೆಗಳ ಮೆಕ್ಕೆಜೋಳದ ದರವನ್ನೂ ಗಮನಿಸುತ್ತಿದ್ದರೆ ಮುಂದಿನ ತಿಂಗಳುಗಳ ಅಂದಾಜು ಸಿಗುತ್ತದೆ.

ಋತುಮಾನದ ಪ್ರಭಾವವೂ ಇದೆ. ಬೇಸಿಗೆಯ ಬಿಸಿಲಿಗೆ ಕೋಳಿಗಳು ಸಾಯುತ್ತವೆ, ತೂಕ ಕಟ್ಟುವುದಿಲ್ಲ. ಪೂರೈಕೆ ತಗ್ಗಿ ದರ ಏರುತ್ತದೆ. ಶ್ರಾವಣದಲ್ಲಿ ಬೇಡಿಕೆ ಇಳಿಯುತ್ತದೆ. ಸರಬರಾಜುದಾರರೊಂದಿಗೆ ತಿಂಗಳ ಅಥವಾ ಮೂರು ತಿಂಗಳ ಒಪ್ಪಂದ ಮಾಡಿಕೊಳ್ಳಲು ಶ್ರಾವಣವೇ ಸೂಕ್ತ ಕಾಲ.

ಜೀವಂತ ಕೋಳಿ ಕೊಳ್ಳುವುದೋ, ಶುಚಿಗೊಳಿಸಿದ ಮಾಂಸವನ್ನೋ ಎಂಬ ಪ್ರಶ್ನೆಗೂ ಲೆಕ್ಕವೇ ಉತ್ತರ. ಉದಾಹರಣೆಗೆ, ಜೀವಂತ ಕೋಳಿಯ ದರ ಕಿಲೋಗೆ 130 ರೂಪಾಯಿ ಎಂದಿಟ್ಟುಕೊಳ್ಳೋಣ. 2 ಕಿಲೋ ಕೋಳಿಗೆ 260 ರೂಪಾಯಿ. ಚರ್ಮ ತೆಗೆದ ಮೇಲೆ ಶೇ. 65ರಂತೆ ಸಿಗುವುದು 1.3 ಕಿಲೋ, ಅಲ್ಲಿಗೆ ಮಾಂಸದ ದರ ಕಿಲೋಗೆ 200 ರೂಪಾಯಿ. ಅಂಗಡಿಯವನು ಶುಚಿಗೊಳಿಸಿದ ಮಾಂಸವನ್ನು ಇದಕ್ಕೆ ಕೂಲಿ ಸೇರಿಸಿದಷ್ಟರೊಳಗೆ ಕೊಟ್ಟರೆ ಅದೇ ಲಾಭದಾಯಕ. ಚರ್ಮಸಹಿತ ಕೊಂಡರೆ ಇಳುವರಿ ಇನ್ನೂ ಹೆಚ್ಚು.

ಮೊಟ್ಟೆಯಿಡುವ ಅವಧಿ ಮುಗಿದ ಲೇಯರ್ ಕೋಳಿಯನ್ನು ಅನೇಕರು ‘ಗಟ್ಟಿ ಮಾಂಸ’ವೆಂದು ದೂರವಿಡುತ್ತಾರೆ. ಹುರಿಯಲು ಅದು ಒದಗದು, ನಿಜ. ಆದರೆ ಕುಕ್ಕರಿನಲ್ಲಿ ಬೇಯಿಸಿ ಸಾರು ಮಾಡಿದರೆ ಬ್ರಾಯ್ಲರಿಗಿಂತ ಅದರ ರುಚಿಯೇ ಹೆಚ್ಚು, ಮುದ್ದೆಗೂ ಅದೇ ಹೊಂದುತ್ತದೆ. ದರವೂ ಸಾಮಾನ್ಯವಾಗಿ ಕಡಿಮೆ.

ಕುರಿ: ಒಂದೇ ಖರೀದಿ, ಹಲವು ಉತ್ಪನ್ನ

2019ರ 20ನೆಯ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮದು. ಹೀಗಿದ್ದೂ ಕುರಿಮಾಂಸ ಸಾಮಾನ್ಯರಿಗೆ ದೂರವಾಗುತ್ತಿದೆ. ಕುರಿ ನಿಧಾನವಾಗಿ ಬೆಳೆಯುವ ಪ್ರಾಣಿ, ಮೇಯುವ ಬಯಲುಗಳು ಕುಗ್ಗುತ್ತಿವೆ, ಕುರಿ ಕಾಯುವವರೂ ಕಡಿಮೆಯಾಗುತ್ತಿದ್ದಾರೆ. ದರ ಇಳಿಯುವುದನ್ನು ಕಾಯುವ ಬದಲು ಇಡೀ ಕುರಿಯ ಲೆಕ್ಕವನ್ನು ಕಲಿಯುವುದು ಲೇಸು.

ವೆಚ್ಚ ಲೆಕ್ಕಶಾಸ್ತ್ರದಲ್ಲಿ ‘ಉಪ ಉತ್ಪನ್ನ’ಗಳೆಂಬ ಪರಿಕಲ್ಪನೆಯಿದೆ. ಮುಖ್ಯ ಉತ್ಪನ್ನದ ವೆಚ್ಚದಿಂದ ಉಪ ಉತ್ಪನ್ನಗಳ ಮೌಲ್ಯವನ್ನು ಕಳೆಯಬೇಕು ಎಂಬುದು ಅದರ ಸಾರ. ಕುರಿಗೆ ಇದನ್ನು ಅನ್ವಯಿಸಿ ನೋಡಬಹುದು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮೂರಿನ ದರಗಳನ್ನು ಹಾಕಿಕೊಳ್ಳಬೇಕು.

ಜೀವಂತ ತೂಕ 25 ಕಿಲೋ ಇರುವ ಕುರಿಯ ಖರೀದಿ: ರೂ. 10,000
ಸಾಗಣೆ ಮತ್ತು ಕೊಯ್ಯುವ ಕೂಲಿ: ರೂ. 500
ಒಟ್ಟು ವೆಚ್ಚ: ರೂ. 10,500
ಕಳೆಯಿರಿ: ತಲೆ ಮತ್ತು ಕಾಲುಗಳ ಮೌಲ್ಯ: ರೂ. 800
ಕಳೆಯಿರಿ: ಬೋಟಿ, ಈಲಿ, ಗುಂಡಿಗೆ ಇತ್ಯಾದಿಗಳ ಮೌಲ್ಯ: ರೂ. 700
ಮುಖ್ಯ ಮಾಂಸದ ನಿವ್ವಳ ವೆಚ್ಚ: ರೂ. 9,000
ಸಿಗುವ ಮಾಂಸ (ಶೇ. 48ರಂತೆ): 12 ಕಿಲೋ
ಕಿಲೋಗೆ ವೆಚ್ಚ: ರೂ. 750

ತಲೆ, ಕಾಲು, ಬೋಟಿಗಳನ್ನು ಬಳಸದೆ ಬಿಟ್ಟರೆ ಇದೇ ಮಾಂಸದ ವೆಚ್ಚ ಕಿಲೋಗೆ 875 ರೂಪಾಯಿ. ಒಂದು ತಟ್ಟೆಗೆ ಮೂಳೆಸಹಿತ 120 ಗ್ರಾಂ ಹಸಿಮಾಂಸ ಹಿಡಿದರೆ ಮೊದಲನೆಯ ಲೆಕ್ಕದಲ್ಲಿ ತಟ್ಟೆಗೆ 90 ರೂಪಾಯಿ, ಎರಡನೆಯದರಲ್ಲಿ 105 ರೂಪಾಯಿ. ದಿನಕ್ಕೆ 60 ಊಟ ಮಾರುವ ಹೋಟೆಲಿಗೆ ವ್ಯತ್ಯಾಸ ದಿನಕ್ಕೆ 900 ರೂಪಾಯಿ. 26 ದಿನ ನಡೆಯುವ ತಿಂಗಳಿಗೆ 23,400 ರೂಪಾಯಿ. ಸಣ್ಣ ಹೋಟೆಲಿನ ಪಾಲಿಗೆ ಇದು ಕಟ್ಟಡದ ಬಾಡಿಗೆಯಷ್ಟು ದೊಡ್ಡ ಮೊತ್ತ.

ಕಾಲು ಸೂಪು, ತಲೆಮಾಂಸದ ಸಾರು, ಬೋಟಿ ಗೊಜ್ಜು, ಈಲಿ ಹುರಿದದ್ದು ಇವು ಮಿಲಿಟರಿ ಹೋಟೆಲುಗಳ ಪಟ್ಟಿಯಲ್ಲಿ ಮೊದಲಿನಿಂದಲೂ ಇರುವುದು ರುಚಿಯ ಕಾರಣಕ್ಕೆ ಮಾತ್ರವಲ್ಲ. ಇಡೀ ಕುರಿಯ ವೆಚ್ಚವನ್ನು ಹತ್ತು ಪದಾರ್ಥಗಳಿಗೆ ಹಂಚುವ ಜಾಣ್ಮೆ ಅದರ ಹಿಂದಿದೆ. ಬಿರಿಯಾನಿ ಮತ್ತು ಚಾಪ್ಸ್ ಎರಡನ್ನೇ ನೆಚ್ಚಿಕೊಂಡ ಹೊಸ ಹೋಟೆಲುಗಳು ಈ ಜಾಣ್ಮೆಯನ್ನು ಕಳೆದುಕೊಂಡು ದುಬಾರಿ ಭಾಗಗಳನ್ನಷ್ಟೇ ಕೊಳ್ಳುತ್ತಿವೆ.

ಗುಡ್ಡೆ ಬಾಡಿನ ಅರ್ಥಶಾಸ್ತ್ರ

ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೆ ‘ಗುಡ್ಡೆ ಬಾಡು’ ಹಾಕುವ ವಾಡಿಕೆಯಿದೆ. ಹತ್ತಾರು ಮನೆಯವರು ಸೇರಿ ಕುರಿಯನ್ನೋ ಮೇಕೆಯನ್ನೋ ಇಡಿಯಾಗಿ ಕೊಂಡು, ಕೊಯ್ದ ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಪಾಲು ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ಒಳ್ಳೆಯ ಮಾಂಸ, ಮೂಳೆ, ಈಲಿ, ಬೋಟಿ ಎಲ್ಲವೂ ತಕ್ಕಷ್ಟು ಇರಬೇಕು ಎಂಬುದು ನಿಯಮ. ಅಂಗಡಿಯವನ ಲಾಭಾಂಶವಿಲ್ಲ, ಪೋಲಾಗುವುದಿಲ್ಲ, ಪಾಲಿನಲ್ಲಿ ಭೇದವಿಲ್ಲ. ವರ್ಷವಿಡೀ ತಿಂಗಳಿಗಿಷ್ಟು ಎಂದು ಹಣ ಕೂಡಿಹಾಕುವ ‘ಮಾಂಸದ ಚೀಟಿ’ ಇದಕ್ಕೆ ಜೊತೆಗೂಡಿದೆ. ಹಬ್ಬದ ವಾರದಲ್ಲಿ ದರ ಏರಿದರೂ ಕುಟುಂಬದ ಆಯವ್ಯಯ ಅಲುಗಾಡದಂತೆ ನೋಡಿಕೊಳ್ಳುವ ವ್ಯವಸ್ಥೆಯಿದು. ನಂಬಿಕೆಯ ಮೇಲೆ ನಡೆಯುವ ಈ ಚೀಟಿಗಳಿಗೆ ಲೆಕ್ಕಪುಸ್ತಕ ಮತ್ತು ಜಂಟಿ ಬ್ಯಾಂಕ್ ಖಾತೆ ಇದ್ದರೆ ಮಾತ್ರ ನಂಬಿಕೆ ಉಳಿಯುತ್ತದೆ ಎಂಬುದನ್ನು ಮರೆಯಬಾರದು.

ಇದೇ ತತ್ತ್ವವನ್ನು ಒಂದು ಪಟ್ಟಣದ ನಾಲ್ಕಾರು ಹೋಟೆಲುಗಳು ವ್ಯಾಪಾರಕ್ಕೂ ಅಳವಡಿಸಿಕೊಳ್ಳಬಹುದು. ಬನ್ನೂರು, ಅಮೀನಗಡದಂತಹ ಕುರಿ ಸಂತೆಗಳಲ್ಲಿ ಅಥವಾ ನೇರವಾಗಿ ಸಾಕಣೆದಾರರಲ್ಲಿ ಒಟ್ಟಾಗಿ ಖರೀದಿಸಿ, ಪರವಾನಗಿಯುಳ್ಳ ಕಸಾಯಿಖಾನೆಯಲ್ಲಿ ಕೊಯ್ಯಿಸಿ, ತಮ್ಮ ತಮ್ಮ ಪದಾರ್ಥಗಳಿಗೆ ತಕ್ಕ ಭಾಗಗಳನ್ನು ಹಂಚಿಕೊಳ್ಳಬಹುದು. ಸೂಪು ಮಾರುವವನಿಗೆ ಕಾಲು, ಬಿರಿಯಾನಿ ಮಾರುವವನಿಗೆ ತೊಡೆ.

ತೆರಿಗೆಯ ಮಗ್ಗುಲು

ತಾಜಾ ಮಾಂಸಕ್ಕೆ ಜಿಎಸ್‌ಟಿ ಇಲ್ಲ. ಹೆಪ್ಪುಗಟ್ಟಿಸಿ, ಪೊಟ್ಟಣ ಕಟ್ಟಿ, ಲೇಬಲ್ ಹಚ್ಚಿದ ಮಾಂಸಕ್ಕೆ 2022ರ ಜುಲೈ 18ರಿಂದ ಬ್ರಾಂಡ್ ಇಲ್ಲದಿದ್ದರೂ ಶೇ. 5 ತೆರಿಗೆಯಿದೆ. ಸಾಮಾನ್ಯ ಹೋಟೆಲುಗಳು ಶೇ. 5 ತೆರಿಗೆ ವಿಧಿಸುತ್ತವೆ. ಆದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅವರಿಗೆ ಸಿಗದು. ಆದ್ದರಿಂದ ಹೆಪ್ಪುಗಟ್ಟಿಸಿದ ಮಾಂಸದ ಮೇಲಿನ ತೆರಿಗೆಯೂ, ವಾಣಿಜ್ಯ ಅನಿಲ ಸಿಲಿಂಡರಿನ ಮೇಲಿನ ಶೇ. 18 ತೆರಿಗೆಯೂ ನೇರವಾಗಿ ಊಟದ ವೆಚ್ಚಕ್ಕೇ ಸೇರುತ್ತವೆ. ದರ ಹೋಲಿಸುವಾಗ ತೆರಿಗೆಸಹಿತ ದರವನ್ನೇ ಹೋಲಿಸಬೇಕು.

ವ್ಯಾಪಾರದ ಖರ್ಚಿಗಾಗಿ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗೂ ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲ. ಕುರಿ, ಕೋಳಿ, ಮೀನುಗಳನ್ನು ಉತ್ಪಾದಕರಿಂದಲೇ ಕೊಂಡಾಗ ಇದಕ್ಕೆ ವಿನಾಯಿತಿ ಉಂಟು. ಮಧ್ಯವರ್ತಿಗೆ ಕೊಟ್ಟ ಹಣಕ್ಕೆ ಈ ರಿಯಾಯಿತಿ ದೊರೆಯದು. ಸಂತೆಯಲ್ಲಿ ಕೊಳ್ಳುವಾಗ ಸಾಕಣೆದಾರನ ಹೆಸರು, ಊರು, ಸಹಿಯುಳ್ಳ ಚೀಟಿಯನ್ನು ಪಡೆದಿಡುವುದು ಒಳಿತು.

ಅಡುಗೆಮನೆಯಲ್ಲಿ ಉಳಿತಾಯ

ಅಗ್ಗದ ಭಾಗಗಳು ಗಟ್ಟಿಯಾಗಿರುವುದು ಸಹಜ. ಕತ್ತು, ಮೊಣಕಾಲುಗಳಂತಹ ಭಾಗಗಳಲ್ಲಿ ನಾರು ಹೆಚ್ಚು. ನೀರಿನಲ್ಲಿ ನಿಧಾನವಾಗಿ ಬೆಂದಾಗ ಅದೇ ನಾರು ಕರಗಿ ಸಾರಿಗೆ ಸಾಂದ್ರತೆ ಕೊಡುತ್ತದೆ. ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಮಾಂಸದಲ್ಲಿ ಉಳಿದ ಹಣ ಅನಿಲಕ್ಕೆ ಹೋಗುತ್ತದೆ. ದೊಡ್ಡ ಪ್ರೆಷರ್ ಕುಕ್ಕರ್ ಬಳಸುವುದು, ಸ್ವಲ್ಪ ಹಸಿ ಪರಂಗಿಕಾಯಿ ಅಥವಾ ಮೊಸರು ಹಚ್ಚಿ ನೆನೆಸಿಡುವುದು ಸರಳ ಪರಿಹಾರಗಳು.

ಕಾಳು, ತರಕಾರಿಗಳೊಂದಿಗೆ ಮಾಂಸವನ್ನು ಬೇಯಿಸುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಅವರೆಕಾಳು ಹಾಕಿದ ಮಟನ್ ಸಾರು, ಕಾಳು ಬೆರೆಸಿದ ಬೋಟಿ ಗೊಜ್ಜು, ಹುರಿಗಡಲೆ ಬೆರೆಸಿದ ಕೈಮ ಉಂಡೆ, ಬದನೆಕಾಯಿ ಸೇರಿಸಿದ ಒಣಮೀನು ಸಾರು ಇವುಗಳಲ್ಲಿ ಮಾಂಸದ ಪ್ರಮಾಣ ತಗ್ಗಿದರೂ ಊಟದ ತೃಪ್ತಿ ತಗ್ಗುವುದಿಲ್ಲ. ತೆಂಗಿನಕಾಯಿ ದರ 2025ರಲ್ಲಿ ವಿಪರೀತ ಏರಿದಾಗ ಹುರಿಗಡಲೆ ಮಸಾಲೆಯೇ ಹಲವು ಅಡುಗೆಮನೆಗಳಿಗೆ ಆಸರೆಯಾಯಿತು.

ಮೀನಿನ ವಿಷಯದಲ್ಲಿ ಕಾಲವೇ ಮುಖ್ಯ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ದರ ಏರುತ್ತದೆ. ಬೂತಾಯಿ, ಬಂಗುಡೆ ಹೇರಳವಾಗಿ ಸಿಗುವ ತಿಂಗಳುಗಳಲ್ಲಿ ಅವನ್ನೇ ಮುಂದಿಟ್ಟು, ನಿಷೇಧದ ಅವಧಿಯಲ್ಲಿ ಒಣಮೀನು, ಮೊಟ್ಟೆ ಮತ್ತು ಕೆರೆ ಮೀನಿಗೆ ತಿರುಗುವುದು ವಿವೇಕ.

ಕೊನೆಯದಾಗಿ ಬಡಿಸುವ ಕೈ. 120 ಗ್ರಾಮಿನ ಬದಲು 140 ಗ್ರಾಂ ಬಿದ್ದರೆ ಮೇಲಿನ ಉದಾಹರಣೆಯ ಹೋಟೆಲಿಗೆ ದಿನಕ್ಕೆ 1.2 ಕಿಲೋ, ಅಂದರೆ ಮತ್ತೆ ಅದೇ 900 ರೂಪಾಯಿ ನಷ್ಟ. ಕಷ್ಟಪಟ್ಟು ಸಂತೆಯಲ್ಲಿ ಉಳಿಸಿದ್ದು ಸೌಟಿನಲ್ಲಿ ಸೋರಿಹೋಗುತ್ತದೆ. ಗಿರಾಕಿಯ ತಟ್ಟೆಯನ್ನು ಕುಗ್ಗಿಸಿ ಎಂಬುದು ಇದರ ಅರ್ಥವಲ್ಲ. ದಿನವೂ ಒಂದೇ ಅಳತೆಯಿರಲಿ ಎಂಬುದಷ್ಟೇ.

ಮಾಲೀಕರು ಅನುಸರಿಸಬಹುದಾದ ಕ್ರಮಗಳು ಸಂಕ್ಷೇಪವಾಗಿ ಇಂತಿವೆ:

1. ಖರೀದಿ ತೂಕ, ಶುಚಿಗೊಳಿಸಿದ ನಂತರದ ತೂಕ, ಮಾರಾಟವಾದ ತಟ್ಟೆಗಳ ಸಂಖ್ಯೆ ಇವನ್ನು ದಿನವೂ ಒಂದೇ ಪುಸ್ತಕದಲ್ಲಿ ಬರೆಯುವುದು.
2. ವಾರಕ್ಕೊಮ್ಮೆ ತಟ್ಟೆಯೊಂದರ ವೆಚ್ಚ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಪದಾರ್ಥಗಳ ಪಟ್ಟಿಯನ್ನು ಬದಲಿಸುವುದು.
3. ತಲೆ, ಕಾಲು, ಬೋಟಿಗಳಿಗೆ ಪಟ್ಟಿಯಲ್ಲಿ ಖಾಯಂ ಸ್ಥಾನ ಕೊಡುವುದು.
4. ಹಬ್ಬ, ಜಾತ್ರೆಗಳ ವಾರದಲ್ಲಿ ಕುರಿಮಾಂಸದ ಬದಲು ಕೋಳಿ, ಮೊಟ್ಟೆಗಳನ್ನು ಮುಂದಿಡುವುದು.
5. ಸಾಧ್ಯವಿರುವಲ್ಲೆಲ್ಲ ಸಾಮೂಹಿಕ ಖರೀದಿಗೆ ಮುಂದಾಗುವುದು.

ಈ ಕ್ರಮಗಳಿಗೆ ಹೊಸ ಬಂಡವಾಳ ಬೇಕಿಲ್ಲ. ಒಂದು ತಕ್ಕಡಿ, ಒಂದು ಪುಸ್ತಕ, ದಿನದ ಹತ್ತು ನಿಮಿಷ ಸಾಕು. ಮೆಕ್ಕೆಜೋಳದ ದರವನ್ನಾಗಲಿ ಕುರಿಯ ದರವನ್ನಾಗಲಿ ನಿಯಂತ್ರಿಸುವುದು ಹೋಟೆಲು ಮಾಲೀಕನ ಕೈಯಲ್ಲಿಲ್ಲ; ಕೊಂಡ ಮಾಂಸದ ಪ್ರತಿ ಗ್ರಾಮಿಗೂ ಲೆಕ್ಕವಿಡುವುದು ಅವನ ಕೈಯಲ್ಲೇ ಇದೆ. ಆ ಲೆಕ್ಕವಿದ್ದಲ್ಲಿ ದುಡಿಯುವ ಗಿರಾಕಿಗೆ ಕೈಗೆಟಕುವ ದರದಲ್ಲಿ ಹೊಟ್ಟೆ ತುಂಬ ಬಡಿಸಿಯೂ ಹೋಟೆಲು ಉಳಿದೀತು.