ಬೇವಿನ ಎಲೆ, ಬೆಳ್ಳಿಯ ಕಣ ಮತ್ತು ದುಂಡಾಣು ರೋಗ

ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗ ಜಿಲ್ಲೆಗಳ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ರೋಗ ಹೊಸದಲ್ಲ. ಮೊದಲು ಎಲೆಯ ಮೇಲೆ ನೀರಿನಲ್ಲಿ ತೊಯ್ದಂತಹ ಚುಕ್ಕೆ, ಬಳಿಕ ಹಣ್ಣಿನ ಮೇಲೆ ಕಪ್ಪು ಕಲೆ ಮತ್ತು ಸೀಳು ಕಾಣುತ್ತವೆ. ಅಂತಹ ಹಣ್ಣಿಗೆ ಬೆಲೆಯಿಲ್ಲ. ಈ ರೋಗಕ್ಕೆ ಬಹುಕಾಲ ಸಿಂಪಡಿಸುತ್ತಿದ್ದ ಸ್ಟ್ರೆಪ್ಟೊಮೈಸಿನ್–ಟೆಟ್ರಾಸೈಕ್ಲಿನ್ ಮಿಶ್ರಣವನ್ನು 2024ರ ಜನವರಿ 1ರಿಂದ ಬೆಳೆಗಳಿಗೆ ಬಳಸಬಾರದೆಂದು ಕೇಂದ್ರ ಸರ್ಕಾರವು 2021ರಲ್ಲಿ ಆದೇಶಿಸಿತು. ಆದ್ದರಿಂದ ಬೇರೆ ಉಪಾಯಗಳತ್ತ ಗಮನ ಹರಿದಿದೆ. ಅವುಗಳಲ್ಲೊಂದು, ಸಸ್ಯದ ಸಾರದಿಂದ ತಯಾರಿಸುವ ಬೆಳ್ಳಿಯ ನ್ಯಾನೊ ಕಣ.

ನ್ಯಾನೊ ಕಣ ಎಂದರೇನು?

ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊ ಕಣಗಳೆನ್ನುತ್ತಾರೆ. ಬೆಳ್ಳಿಯನ್ನು ಇಷ್ಟು ಸಣ್ಣದಾಗಿಸಿದರೆ ತೂಕ ಅಷ್ಟೇ ಇದ್ದರೂ ಅದರ ಹೊರಮೈ ಅನೇಕ ಪಟ್ಟು ಹೆಚ್ಚುತ್ತದೆ.

ತಯಾರಾಗುವ ಬಗೆ

ಪ್ರಯೋಗಾಲಯದಲ್ಲಿ ಸುಮಾರು 20 ಗ್ರಾಂ ಎಲೆಯನ್ನು 100 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿ ಸೋಸುತ್ತಾರೆ. ಲೀಟರಿಗೆ 170 ಮಿಲಿಗ್ರಾಂನಷ್ಟು ಸಿಲ್ವರ್ ನೈಟ್ರೇಟ್ ಕರಗಿಸಿದ ನೀರಿಗೆ ಈ ಕಷಾಯವನ್ನು ಬೆರೆಸಿದಾಗ ದ್ರಾವಣ ಹಳದಿಯಾಗಿ, ನಂತರ ಕಂದಾಗುತ್ತದೆ. ಎಲೆಯ ರಸದಲ್ಲಿರುವ ಪದಾರ್ಥಗಳು ಲವಣದಲ್ಲಿನ ಬೆಳ್ಳಿಯನ್ನು ಲೋಹದ ಕಣಗಳಾಗಿಸಿ, ಅವು ಗಂಟುಕಟ್ಟದಂತೆ ತಡೆಯುತ್ತವೆ. ಬೇವಿನ ಎಲೆಯಿಂದ ಇದು ಸಾಧ್ಯವೆಂದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು.

ಕಣಗಳಿಂದ ಹೊರಬೀಳುವ ಬೆಳ್ಳಿಯ ಅಯಾನುಗಳು ದುಂಡಾಣುವಿನ ಹೊರಪೊರೆಯನ್ನು ಕೆಡಿಸಿ, ಅದರ ಪ್ರೋಟೀನುಗಳಿಗೆ ಅಂಟಿಕೊಂಡು ಕೊಲ್ಲುತ್ತವೆ. ಬೋರ್ಡೋ ದ್ರಾವಣದಲ್ಲಿ ತಾಮ್ರವು ಮಾಡುವ ಕೆಲಸವೂ ಇದನ್ನೇ ಹೋಲುತ್ತದೆ.

ರೈತರು ಗಮನಿಸಬೇಕಾದುದು

ಗಾಜಿನ ತಟ್ಟೆಯಲ್ಲಿ ದುಂಡಾಣು ಸತ್ತ ಮಾತ್ರಕ್ಕೆ ತೋಟದಲ್ಲಿ ರೋಗ ಹತೋಟಿಗೆ ಬಂದಂತಲ್ಲ. ಎಲೆಯ ವಯಸ್ಸು, ಋತು ಬದಲಾದರೆ ಕಣದ ಗಾತ್ರವೂ ಬದಲಾಗುತ್ತದೆ. ಬೆಳ್ಳಿಗೆ ರೋಗಾಣು, ಉಪಕಾರಿ ಜೀವಾಣು ಎಂಬ ಭೇದವಿಲ್ಲ. ಮಣ್ಣು ಸೇರಿದರೆ ಸಾರಜನಕ ಒದಗಿಸುವ ಜೀವಾಣುಗಳಿಗೂ ಹಾನಿಯಾಗಬಹುದು. ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪಾಗಿಸಿ ಸುಡುತ್ತದೆ. ಆದುದರಿಂದ ಇದನ್ನು ಮನೆಯಲ್ಲಿ ತಯಾರಿಸಬಾರದು. ‘ಎಲೆಯಿಂದ ಮಾಡಿದ್ದು, ಅಪಾಯವಿಲ್ಲ’ ಎಂಬ ಮಾತು ನಂಬಿ, ನೋಂದಣಿ ಸಂಖ್ಯೆಯಿಲ್ಲದ ಬಾಟಲಿಯನ್ನು ಕೊಳ್ಳಬಾರದು.

ರೋಗ ತಗುಲಿದ ರೆಂಬೆಯನ್ನು ಕಲೆಗಿಂತ ಎರಡು ಅಂಗುಲ ಕೆಳಗೆ ಕತ್ತರಿಸಿ, ಉದುರಿದ ಎಲೆ ಮತ್ತು ಹಣ್ಣುಗಳೊಂದಿಗೆ ಸುಡಬೇಕು. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಸವರಿದ ನಂತರ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಬೆಳ್ಳಿಯ ಕಣ ತೋಟದ ಪರೀಕ್ಷೆಯಲ್ಲಿ ಗೆದ್ದು ಬರುವವರೆಗೆ ಈ ಕ್ರಮಗಳೇ ಬೆಳೆಗೆ ರಕ್ಷಣೆ.